ಮಗಳಿಗೆ ಹದಿನೆಂಟು ತುಂಬುವ ದಿನ



ಯೋಬನ ಗ್ರಂಥ ಎಂದೊಡನೆ ನಮಗೆ ನೆನಪಾಗುವುದು ಬೂದಿಯ ಗುಡ್ಡೆ, ಮೈತುಂಬ ಹುಣ್ಣು, ಸಮಾಧಾನ ಹೇಳಲು ಬಂದು ಗಾಯಕ್ಕೆ ಉಪ್ಪು ಸವರಿದ ಮೂವರು ಗೆಳೆಯರು. ಆದರೆ ಆ ಗ್ರಂಥದ ಮೊದಲ ಅಧ್ಯಾಯದಲ್ಲಿ, ಸಂಕಟ ಇನ್ನೂ ಮನೆಯ ಹೊಸ್ತಿಲು ತುಳಿಯುವ ಮುನ್ನ, ಎರಡು ವಚನಗಳಷ್ಟು ಸಂಸಾರದ ಸುದ್ದಿ ಇದೆ. ಓದುವ ಅವಸರದಲ್ಲಿ ನಾವು ಅದನ್ನು ದಾಟಿ ಹೋಗುತ್ತೇವೆ. ಯೋಬನಿಗೆ ಏಳು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಗಂಡುಮಕ್ಕಳು ಸರದಿಯಂತೆ, ಒಬ್ಬೊಬ್ಬನೂ ‘ತನ್ನ ದಿನ’ದಲ್ಲಿ, ಮನೆಯಲ್ಲಿ ಔತಣ ಮಾಡಿ ತಂಗಿಯರನ್ನು ಕರೆಸುತ್ತಿದ್ದರು. ಆ ‘ತನ್ನ ದಿನ’ ಎಂದರೆ ಹುಟ್ಟಿದ ದಿನವೇ ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಔತಣ ಮುಗಿದ ಮೇಲೆ ತಂದೆ ಮುಂಜಾನೆ ಎದ್ದು ಒಬ್ಬೊಬ್ಬರ ಹೆಸರಿನಲ್ಲಿಯೂ ದಹನಬಲಿ ಅರ್ಪಿಸುತ್ತಿದ್ದ. ಮಕ್ಕಳು ಮನಸ್ಸಿನಲ್ಲಿ ಏನಾದರೂ ತಪ್ಪೆಣಿಸಿದ್ದರೆ ಎಂಬ ಅಳುಕು ಅವನಿಗೆ. ಹೀಗೆ ತಪ್ಪದೆ ಮಾಡುತ್ತಿದ್ದ ಎಂದು ಗ್ರಂಥಕರ್ತ ಹೇಳುತ್ತಾನೆ.

ಹುಟ್ಟುಹಬ್ಬದ ಕೇಕು ಮಕ್ಕಳ ಪಾಲಿಗೆ, ಮುಂಜಾನೆಯ ಪ್ರಾರ್ಥನೆ ತಂದೆಯ ಪಾಲಿಗೆ. ಈ ಹಂಚಿಕೆ ಅಷ್ಟು ಹಳೆಯದು.

ಮೂರನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಹತ್ತೂ ಮಕ್ಕಳು ಒಂದೇ ದಿನ ಮಣ್ಣುಪಾಲಾಗಿದ್ದಾರೆ. ಏಳು ದಿನ ಬಾಯಿ ಬಿಡದೆ ಕುಳಿತಿದ್ದ ಯೋಬ ಬಾಯಿ ತೆರೆದಾಗ ಹೊರಟದ್ದು ಶಾಪ. ತಾನು ಹುಟ್ಟಿದ ದಿನ ಪಂಚಾಂಗದಲ್ಲೇ ಇಲ್ಲದಂತಾಗಲಿ ಎಂದು ಶಪಿಸುತ್ತಾನೆ. ಪ್ರವಾದಿ ಯೆರೆಮೀಯನೂ ಅಂಥದೇ ಮಾತಾಡಿದ್ದಾನೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯೋಬ ಶಪಿಸಿದ್ದು ತನ್ನ ಜನ್ಮದಿನವನ್ನು, ಮಕ್ಕಳ ಜನ್ಮದಿನವನ್ನಲ್ಲ. ಇಷ್ಟು ನೋಯಿಸಿ ಹೋಗುವ ಮಕ್ಕಳು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಒಂದು ಮಾತು ನಲವತ್ತೆರಡು ಅಧ್ಯಾಯಗಳಲ್ಲಿ ಅವನ ಬಾಯಿಂದ ಬರುವುದಿಲ್ಲ. ತಂದೆತಾಯಿಯ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗಂತೂ ಗೊತ್ತಿಲ್ಲ.

ಈ ಜೂನ್ ತಿಂಗಳಲ್ಲಿ ನಮ್ಮ ಮನೆಯ ಹಿರಿಯ ಮಗಳಿಗೆ 18 ತುಂಬುತ್ತದೆ. ಅದಕ್ಕಾಗಿಯೇ ಯೋಬನ ಗ್ರಂಥವನ್ನು ಮತ್ತೆ ತೆರೆದೆ.

ನಮ್ಮ ಕೋಲಾರ ಸೀಮೆಯಲ್ಲಿ ಹುಟ್ಟಿದ ದಿನ ಎಂಬುದೇ ಬಹಳ ಕಾಲ ದೊಡ್ಡವರ, ಓದಿದವರ ವಿಷಯವಾಗಿತ್ತು. ಹಳೆಯ ತಲೆಮಾರಿನ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಹುಟ್ಟಿದ ತಾರೀಖು ಜೂನ್ 1. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲ, ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಡಕಿವಿಗೆ ಮುಟ್ಟಿಸಿ ನೋಡಿ, ಐದು ವರ್ಷವೋ ಆರು ವರ್ಷವೋ ಹಿಂದಕ್ಕೆ ಎಣಿಸಿ ಬರೆದುಬಿಡುತ್ತಿದ್ದರು. ಹೀಗಾಗಿ ಒಂದು ಊರಿನ ಅರ್ಧ ಜನ ಒಂದೇ ದಿನ ನಿವೃತ್ತರಾಗುವುದುಂಟು! ಆದರೆ ತಾಯಂದಿರು ಮರೆತಿರಲಿಲ್ಲ. ಅವರ ಲೆಕ್ಕ ಬೇರೆ ಇತ್ತು. ಶ್ರೀನಿವಾಸಪುರದ ಕಡೆಯ ಅಜ್ಜಿಯನ್ನು ಕೇಳಿದರೆ, ಬಾದಾಮಿ ಕಾಯಿ ಇಳಿಸುವಾಗ ನೋವು ಬಂತು, ಆ ವರ್ಷ ಮರ ಬಾಗುವಷ್ಟು ಕಾಯಿ ಎನ್ನುತ್ತಾರೆ. ಮುಳಬಾಗಿಲಿನವರು, ಕೆರೆ ಕೋಡಿ ಹರಿದ ವರ್ಷ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಕೆರೆ ಕೋಡಿ ಹರಿಯುವುದು ಎಷ್ಟು ಅಪರೂಪವೆಂದರೆ ಅದರಿಂದ ವರ್ಷ ಗುರುತಿಸಬಹುದು. 2021ರ ನವೆಂಬರಿನ ಮಳೆಗೆ ಜಿಲ್ಲೆಯಲ್ಲಿ ಕೆರೆ ಮೇಲೆ ಕೆರೆ ತುಂಬಿ ಹರಿದಾಗ ಹುಟ್ಟಿದ ಮಕ್ಕಳಿಗೂ ಮುಂದೆ ಅದೇ ಗುರುತು ಹೇಳುವವರು ಇರುತ್ತಾರೆ.

ಕಾಗದದ ತಾರೀಖು ಬೇಡ ಎಂದು ನಾನು ಹೇಳುತ್ತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಹುಟ್ಟಿದ 21 ದಿನದೊಳಗೆ ನೋಂದಾಯಿಸಬೇಕು. 2023ರ ತಿದ್ದುಪಡಿಯ ಬಳಿಕ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ ಎಲ್ಲದಕ್ಕೂ ವಯಸ್ಸಿನ ಆಧಾರ ಜನನ ಪ್ರಮಾಣಪತ್ರವೇ. ಹೆಣ್ಣುಮಗುವಿನ ಪಾಲಿಗೆ ಆ ಒಂದು ಹಾಳೆ ಬೇಲಿಯಿದ್ದಂತೆ. ತಾರೀಖು ಗೊತ್ತಿಲ್ಲದ ಕಾಲದಲ್ಲಿ, ‘ದೊಡ್ಡವಳಾದಳು’ ಎಂಬುದೊಂದೇ ಅವಳ ವಯಸ್ಸಿನ ಲೆಕ್ಕವಾಗಿತ್ತು. 13, 14ಕ್ಕೆ ಹಸೆಮಣೆ. ಇಂದಿಗೂ ನಮ್ಮ ಗಡಿ ತಾಲೂಕುಗಳಲ್ಲಿ ಅಂಥ ಮದುವೆಗಳು ಪೂರ್ತಿ ನಿಂತಿಲ್ಲ ಎಂಬುದನ್ನು ಇಲ್ಲಿ ಸೇವೆ ಮಾಡುವ ಕನ್ಯಾಸ್ತ್ರೀಯರೂ ಅಂಗನವಾಡಿಯ ತಾಯಂದಿರೂ ಬಲ್ಲರು.

ಆದರೆ ಕಾನೂನು ಹಾಕಿದ ಬೇಲಿಯನ್ನೇ ನಾವು ಬಾಗಿಲು ಮಾಡಿಕೊಂಡಿದ್ದೇವೆ. 18 ಎಂಬುದು ಇದಕ್ಕಿಂತ ಮೊದಲು ಕೂಡದು ಎಂಬ ಗೆರೆ. ಇಷ್ಟಕ್ಕೆ ಮಾಡಲೇಬೇಕು ಎಂಬ ಗಡುವಲ್ಲ. ಆದರೂ ನೋಡಿ, ನಮ್ಮ ಮಗಳ ಹುಟ್ಟುಹಬ್ಬವನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡ ಬಂಧುಗಳು ಈ ವರ್ಷ ಇದ್ದಾರೆ. ಮಾಲೂರಿನ ಕಡೆ ಒಳ್ಳೆಯ ಮನೆಯಂತೆ, ಹುಡುಗನಿಗೆ ಇಟ್ಟಿಗೆ ಗೂಡು ಇದೆಯಂತೆ, ಪೂಜೆಗೆ ತಪ್ಪದೆ ಹೋಗುವ ಕುಟುಂಬವಂತೆ, ವರದಕ್ಷಿಣೆಯ ಮಾತೇ ಇಲ್ಲವಂತೆ. ತಾರೀಖು ಕಳೆದ ಮಾರನೆಯ ದಿನವೇ ಬಂದು ನೋಡುತ್ತಾರಂತೆ. ಕೆಡುಕು ಬಯಸಿ ಹೇಳುವವರಲ್ಲ ಇವರು. ಹೆಣ್ಣು ಮಗಳು, ಕಾಲ ಕೆಟ್ಟಿದೆ, ನಿನಗೂ ವಯಸ್ಸಾಗುತ್ತಿದೆ ಎಂದು ನನ್ನ ಮೇಲಿನ ಕನಿಕರದಿಂದಲೇ ಹೇಳುತ್ತಾರೆ. ಮಗಳು ಎರಡನೇ ಪಿಯುಸಿ ಮುಗಿಸಿದ್ದಾಳೆ, ಬಿ.ಎಸ್ಸಿ. ಓದಬೇಕೆಂದಿದ್ದಾಳೆ. ಅವಳ ತಾಯಿ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ನನ್ನ ಮುಖ ನೋಡುತ್ತಾಳೆ.

ಬಂಧುಗಳ ಒತ್ತಾಯ ಹೊಸದೇನಲ್ಲ. ಸ್ನಾನಿಕ ಯೊವಾನ್ನರು ಹುಟ್ಟಿದ ಎಂಟನೆಯ ದಿನ ನೆರೆಹೊರೆಯವರೂ ನೆಂಟರೂ ತುಂಬಿದ ಮನೆಯನ್ನು ಸಂತ ಲೂಕರು ಚಿತ್ರಿಸಿದ್ದಾರೆ. ಎಲ್ಲರೂ ಸಂತೋಷಪಡಲು ಬಂದವರೇ. ಆದರೆ ಮಗುವಿಗೆ ಹೆಸರಿಡುವ ಅಧಿಕಾರವೂ ತಮ್ಮದೇ ಎಂದುಕೊಂಡರು. ತಂದೆಯ ಹೆಸರಾದ ಜಕರೀಯ ಎಂದೇ ಇಡಬೇಕೆಂದು ಹೊರಟರು. ಬೇಡ ಎಂದವಳು ತಾಯಿ ಎಲಿಜಬೇತ್. ವಯಸ್ಸಾದ ಬಾಣಂತಿಯ ಮಾತನ್ನು ಅವರು ಒಪ್ಪಲಿಲ್ಲ, ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರಿದ್ದಾರೆ ಎಂದು ವಾದಿಸಿ, ಮೂಕನಾಗಿದ್ದ ತಂದೆಯ ಕಡೆ ಸನ್ನೆ ಮಾಡಿದರು. ಜಕರೀಯ ಹಲಗೆ ತರಿಸಿ ಹೆಂಡತಿ ಹೇಳಿದ ಹೆಸರನ್ನೇ ಬರೆದ. ಆ ಕ್ಷಣವೇ ಅವನ ನಾಲಿಗೆ ಸಡಿಲವಾಯಿತು. ಆ ಬಾಯಿಂದ ಹರಿದ ಸ್ತೋತ್ರದ ನಡುವೆ ಅವನು ತಿರುಗಿ ತೊಟ್ಟಿಲ ಮಗುವನ್ನೇ ಕರೆದು ಮಾತಾಡುತ್ತಾನೆ, ನೀನು ಪ್ರಭುವಿನ ಮುಂದೆ ಹೋಗಿ ದಾರಿ ಸಿದ್ಧ ಮಾಡುವವನು ಎಂದು. ನನಗೆ ಏನಾಗುವೆ ಎಂದಲ್ಲ, ದೇವರಿಗೆ ಏನಾಗುವೆ ಎಂದು! ಮುಪ್ಪಿನಲ್ಲಿ ಹುಟ್ಟಿದ ಒಬ್ಬನೇ ಮಗ, ಮುಂದೆ ಮರುಭೂಮಿ ಸೇರಿದ. ತಂದೆಯ ಯಾಜಕ ಪಟ್ಟಕ್ಕೆ ಬರಲಿಲ್ಲ.

ನಮ್ಮದೇ ಮುಳಬಾಗಿಲಿನಲ್ಲಿ 1887ರ ಮಾರ್ಚ್ 17ರಂದು ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ಇಲ್ಲಿ ನೆನೆಯಬೇಕು. ಪತ್ರಿಕೋದ್ಯಮ, ಕಾವ್ಯ, ವೇದಾಂತ ಇವು ಅವರ ಹೊಲಗಳು. ಹೆಂಡತಿ ಬೇಗ ತೀರಿಕೊಂಡರು, ಅವರು ಮತ್ತೆ ಮದುವೆಯಾಗಲಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿಯವರು ಹಿಡಿದದ್ದು ಗಿಡಮರಗಳ ದಾರಿ. ಸಸ್ಯವಿಜ್ಞಾನಿಯಾಗಿ ಹೆಸರು ಮಾಡಿದರು. ತಂದೆಗೆ 1967ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮಗನಿಗೆ 1978ರಲ್ಲಿ ‘ಹಸುರು ಹೊನ್ನು’ ಪುಸ್ತಕಕ್ಕೆ ಬಂತು. ತಂದೆ ಬರೆದದ್ದು ಭಗವದ್ಗೀತೆಯನ್ನು ಕುರಿತು, ಮಗ ಬರೆದದ್ದು ಕಾಡಿನ ಗಿಡಗಳನ್ನು ಕುರಿತು. ಮಗ ತಂದೆಯ ನಕಲಾಗಿದ್ದರೆ ಕನ್ನಡಕ್ಕೆ ಆ ಎರಡನೆಯ ಪುಸ್ತಕ ಸಿಗುತ್ತಿರಲಿಲ್ಲ.

ಇನ್ನು ಹೆಣ್ಣುಮಗಳ ಹುಟ್ಟುಹಬ್ಬಕ್ಕೆ ಬರೋಣ. ಧರ್ಮಸಭೆಯು ಸಂತರ ಹಬ್ಬವನ್ನು ಸಾಮಾನ್ಯವಾಗಿ ಅವರು ಮರಣಿಸಿದ ದಿನದಂದು ಆಚರಿಸುತ್ತದೆ, ಅದೇ ಅವರ ಪರಲೋಕದ ಜನನ. ಎರಡನೆಯ ಶತಮಾನದಲ್ಲಿಯೇ ಸ್ಮುರ್ನದ ವಿಶ್ವಾಸಿಗಳು ತಮ್ಮ ಧರ್ಮಾಧ್ಯಕ್ಷ ಸಂತ ಪೊಲಿಕಾರ್ಪರು ರಕ್ತಸಾಕ್ಷಿಯಾದ ದಿನವನ್ನು ಜನ್ಮದಿನ ಎಂದು ಕರೆದರು. ಈ ಲೋಕದಲ್ಲಿ ಹುಟ್ಟಿದ ದಿನವನ್ನೇ ಪೂಜಾಪಂಚಾಂಗದಲ್ಲಿ ಹಬ್ಬವಾಗಿಸಿರುವುದು ಮೂವರದನ್ನು ಮಾತ್ರ: ಡಿಸೆಂಬರ್ 25 ಪ್ರಭು ಯೇಸುವಿನದು, ಜೂನ್ 24 ಸ್ನಾನಿಕ ಯೊವಾನ್ನರದು, ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರದು. ಮೂವರಲ್ಲಿ ಒಬ್ಬಳು ಹೆಣ್ಣುಮಗು. ಬೆಂಗಳೂರಿನ ಶಿವಾಜಿನಗರದ ಮಹಾದೇವಾಲಯಕ್ಕೆ ಕಾವಿ ಸೀರೆಯುಟ್ಟು ಹರಕೆ ಹೊತ್ತು ಹೋಗುವ ನಮ್ಮ ತಾಯಂದಿರು, ತಾವು ಆ ದಿನ ಒಂದು ಹೆಣ್ಣುಮಗುವಿನ ಹುಟ್ಟುಹಬ್ಬಕ್ಕೆ ಹೋಗುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಹರಕೆ ಗಂಡುಮಗು ಬೇಕೆಂದೇ ಆಗಿದ್ದರೆ ಇನ್ನೂ ಮರೆಯಬಾರದು.

ಮರಿಯಮ್ಮನವರ ಬಾಲ್ಯವನ್ನು ಶುಭಸಂದೇಶಗಳು ಹೇಳುವುದಿಲ್ಲ. ಆದರೆ ಯಾಕೋಬನ ಹೆಸರಿನಲ್ಲಿ ಎರಡನೆಯ ಶತಮಾನದ ಒಂದು ಹಳೆಯ ಬರಹವಿದೆ. ಅದು ಪವಿತ್ರ ಗ್ರಂಥದ ಭಾಗವಲ್ಲ, ಅದರ ಕಥೆಗಳನ್ನು ನಂಬಲೇಬೇಕೆಂದಿಲ್ಲ. ಅನ್ನಮ್ಮ ಮತ್ತು ಜೋಕಿಮರ ಹೆಸರು ನಮಗೆ ಬಂದಿರುವುದು ಮಾತ್ರ ಆ ಬರಹದಿಂದಲೇ. ಮಗು ಆರು ತಿಂಗಳಿದ್ದಾಗ ಅನ್ನಮ್ಮ ಅವಳನ್ನು ನೆಲಕ್ಕೆ ಬಿಟ್ಟು, ನಿಲ್ಲುತ್ತಾಳೋ ಎಂದು ನೋಡಿದರಂತೆ. ಮಗು ಏಳು ಹೆಜ್ಜೆ ನಡೆದು ತಾಯಿಯ ಮಡಿಲಿಗೆ ಬಂದಿತಂತೆ. ಏಳು ಹೆಜ್ಜೆ ಎಂದರೆ ನಮ್ಮ ನಾಡಿನಲ್ಲಿ ಮಗಳು ಮನೆ ಬಿಟ್ಟು ಹೋಗುವ ಹೆಜ್ಜೆ ಎಂದೇ ಎಲ್ಲರಿಗೂ ನೆನಪಾಗುತ್ತದೆ. ಅನ್ನಮ್ಮನವರ ಮನೆಯಲ್ಲಿ ಅದು ಅಮ್ಮನ ಕಡೆಗೆ ಬಂದ ಹೆಜ್ಜೆ. ವರ್ಷ ತುಂಬಿದಾಗ ಜೋಕಿಮರು ದೊಡ್ಡ ಔತಣ ಮಾಡಿ ಯಾಜಕರನ್ನೂ ಹಿರಿಯರನ್ನೂ ಊರವರನ್ನೂ ಕರೆಸಿ ಮಗುವನ್ನು ಆಶೀರ್ವದಿಸಲು ಅವರ ಮುಂದೆ ತಂದರು. ಹೆಣ್ಣುಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಊರೂಟ ಹಾಕಿದ ತಂದೆಯ ಚಿತ್ರವನ್ನು ಆ ಕಾಲದ ವಿಶ್ವಾಸಿಗಳು ಸಂತೋಷದಿಂದ ಓದಿಕೊಂಡರು ಎಂಬುದೇ ನನಗೆ ಬೆರಗು.

ಆಮೇಲಿನ ಭಾಗ ಇನ್ನೂ ಚೆನ್ನಾಗಿದೆ. ಮಗುವಿಗೆ ಎರಡು ತುಂಬಿದಾಗ, ಹರಕೆಯಂತೆ ದೇವಾಲಯಕ್ಕೆ ಒಪ್ಪಿಸಿಬಿಡೋಣ ಎಂದವರು ಜೋಕಿಮರು. ಗಂಡಸರಿಗೆ ಲೆಕ್ಕ ಚುಕ್ತಾ ಮಾಡುವ ಅವಸರ ಯಾವಾಗಲೂ ಇದ್ದದ್ದೇ. ಅನ್ನಮ್ಮನವರು ಇನ್ನೊಂದು ವರ್ಷ ಕಾಯೋಣ ಎಂದರು, ಈಗಲೇ ಬಿಟ್ಟು ಬಂದರೆ ಮಗು ಅಪ್ಪ ಅಮ್ಮನನ್ನು ಹುಡುಕಿ ಅತ್ತೀತು ಎಂದು. ಜೋಕಿಮರು ಕಾಯೋಣ ಎಂದು ಒಪ್ಪಿದರು. ದೇವರಿಗೆ ಹೊತ್ತ ಹರಕೆಯನ್ನೂ ಮಗುವಿನ ಮನಸ್ಸು ಸಿದ್ಧವಾಗುವವರೆಗೆ ಒಂದು ವರ್ಷ ಮುಂದೂಡಬಹುದಾದರೆ, ಇಟ್ಟಿಗೆ ಗೂಡಿನವರ ಮನೆಯ ಸಂಬಂಧವನ್ನು ಮುಂದೂಡಬಾರದೇ?

ವಿವಾಹ ಸಂಸ್ಕಾರವನ್ನು ಉಂಟುಮಾಡುವುದು ವಧುವರರ ಸ್ವತಂತ್ರ ಒಪ್ಪಿಗೆ, ಅದನ್ನು ಬೇರಾವ ಮನುಷ್ಯನೂ ಅವರ ಪರವಾಗಿ ಕೊಡಲಾರ ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ತಂದೆಯೂ ಕೊಡಲಾರ. ನಾವು ಪೀಠದ ಮುಂದೆ ಕೇಳುವ ‘ಒಪ್ಪಿದ್ದೇನೆ’ ಎಂಬ ಮಾತು ಮಗಳ ಬಾಯಿಂದ ಬಂದರೆ ಸಾಲದು, ಅವಳೊಳಗಿನಿಂದ ಬರಬೇಕು.

ಮಕ್ಕಳ ಹುಟ್ಟುಹಬ್ಬದಲ್ಲಿ ಮಕ್ಕಳನ್ನೇ ದಾಳವಾಗಿಸುವ ಅಪಾಯವನ್ನೂ ಶುಭಸಂದೇಶ ಬಲ್ಲದು. ಹೆರೋದನ ಜನ್ಮದಿನದ ಔತಣದಲ್ಲಿ ಕುಣಿದ ಹುಡುಗಿ, ಏನು ಕೇಳಲಿ ಎಂದು ಓಡಿದ್ದು ತಾಯಿಯ ಬಳಿಗೆ. ಆ ಮಗುವಿಗೆ ಬೇರೆ ಆಸೆ ಇತ್ತೋ ಏನೋ, ಯಾರೂ ಕೇಳಲಿಲ್ಲ. ತಾಯಿ ತನ್ನ ಹಗೆಯನ್ನು ಮಗಳ ಬಾಯಲ್ಲಿಟ್ಟು ಕಳಿಸಿದಳು. ಅದಕ್ಕೆ ಹೋಲಿಸಿದರೆ ನಮ್ಮ ಕಲ್ಯಾಣ ಮಂಟಪದ ಆಡಂಬರಗಳು ಸಣ್ಣ ತಪ್ಪೇ ಇರಬಹುದು. ಸಾಲ ಮಾಡಿ ಒಂದು ವರ್ಷದ ಕೂಸಿಗೆ ಮೂರು ಮಹಡಿಯ ಕೇಕು ಕತ್ತರಿಸಿ, ಅದು ಬೆಳಕಿಗೆ ಹೆದರಿ ಚೀರುತ್ತಿದ್ದರೂ ಫೋಟೊಗೆ ಹಿಡಿದು ನಿಲ್ಲಿಸುವಾಗ, ಹಬ್ಬ ಯಾರದು ಎಂದು ಮಾತ್ರ ಕೇಳಬೇಕೆನಿಸುತ್ತದೆ. ನಮ್ಮ ಮನೆಯಲ್ಲಿ ಟೊಮೇಟೊ ನೋಡಿ ಹಬ್ಬ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ಎಲ್ಲ ಮಕ್ಕಳಿಗೂ ಕೇಕು ಬಂತು. ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳಲ್ಲಿ ಶ್ಯಾವಿಗೆ ಪಾಯಸ. ಮಕ್ಕಳು ಎರಡನ್ನೂ ಬೇಸರವಿಲ್ಲದೆ ತಿಂದಿದ್ದಾರೆ.

ಉಡುಗೊರೆಯ ವಿಷಯದಲ್ಲಿ ನನಗೆ ಮಾದರಿ ಹನ್ನಳು. ಅತ್ತು ಬೇಡಿ ಪಡೆದ ಸಮುವೇಲನನ್ನು ಶಿಲೋವಿನ ಆಲಯದಲ್ಲಿ ಬಿಟ್ಟು ಬಂದ ಆ ತಾಯಿ, ವರ್ಷಕ್ಕೊಮ್ಮೆ ಬಲಿಯರ್ಪಣೆಗೆ ಹೋಗುವಾಗ ಒಂದು ಪುಟ್ಟ ನಿಲುವಂಗಿ ಹೊಲಿದು ಕೊಂಡೊಯ್ಯುತ್ತಿದ್ದಳು. ಮಗ ಕಣ್ಣ ಮುಂದಿಲ್ಲ. ಅಳತೆ ಯಾರು ಕೊಡಬೇಕು? ಹೋದ ವರ್ಷ ತಬ್ಬಿಕೊಂಡಾಗ ತಲೆ ಎಲ್ಲಿಗೆ ಬಂದಿತ್ತು ಎಂಬ ನೆನಪಿನಿಂದ ಈ ವರ್ಷದ ಉದ್ದವನ್ನು ಅವಳೇ ಊಹಿಸಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಮಕ್ಕಳನ್ನು ಬಿಟ್ಟ ನಮ್ಮ ತಾಯಂದಿರು ಬಟ್ಟೆ ಅಂಗಡಿಯಲ್ಲಿ ನಿಂತು, ಇನ್ನೊಂದು ಅಳತೆ ದೊಡ್ಡದು ಕೊಡಿ ಎನ್ನುತ್ತಾರಲ್ಲ, ಅದೇ. ಮಗು ಬೆಳೆದಿರುತ್ತದೆ ಎಂದು ನಂಬಿ ಹೊಲಿಯುವುದು. ಹೋದ ವರ್ಷದ ಅಳತೆಗೆ ಹೊಲಿದು, ನೀನು ಇದರಲ್ಲೇ ಹಿಡಿಸಬೇಕು ಎನ್ನುವ ತಂದೆತಾಯಿಯೂ ಇದ್ದಾರೆ.

ಮುಳಬಾಗಿಲಿನ ಬಳಿಯ ಆವಣಿ ಬೆಟ್ಟದಲ್ಲಿ ಸೀತಾದೇವಿ ಲವಕುಶರನ್ನು ಹೆತ್ತಳೆಂದು ನಮ್ಮ ನೆರೆಯ ಸೋದರರು ನಂಬುತ್ತಾರೆ. ಬೆಟ್ಟದ ಮೇಲೆ ಅವಳ ಗುಡಿಯಿದೆ. ತಂದೆ ಹತ್ತಿರವಿಲ್ಲದೆ, ಅರಮನೆಯಿಲ್ಲದೆ, ಬಂಡೆಗಳ ನಡುವೆ ಹೆತ್ತು ಸಾಕಿದ ತಾಯಿಯ ನೆನಪು ಈ ಒಣ ಸೀಮೆಯ ಹೆಂಗಸರಿಗೆ ಹತ್ತಿರವಾದದ್ದರಲ್ಲಿ ಆಶ್ಚರ್ಯವಿಲ್ಲ. ಗಂಡ ಬಿಟ್ಟು ಹೋದ, ಕೂಲಿ ಮಾಡಿ ಮಕ್ಕಳನ್ನು ಓದಿಸುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅಂಥ ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಅಕ್ಕಪಕ್ಕದವರು ಒಂದು ಹಿಡಿ ಸಕ್ಕರೆ ಹಿಡಿದು ಹೋದರೆ ಅದೂ ಪೂಜೆಯೇ.

ಇನ್ನೊಂದು ಬಗೆಯ ಹುಟ್ಟುಹಬ್ಬವಿದೆ. ಆ ತಾರೀಖು ಬಂದಾಗ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ತಾಯಿ ಬೆಳಿಗ್ಗೆಯಿಂದ ಕಾರಣವಿಲ್ಲದೆ ಪಾತ್ರೆ ತೊಳೆಯುತ್ತಾಳೆ. ತೀರಿಹೋದ ಮಗುವಿನ ಹುಟ್ಟುಹಬ್ಬ ಅದು. 2015ರ ಅಕ್ಟೋಬರ್ 18ರಂದು ಒಟ್ಟಾಗಿ ಸಂತ ಪದವಿಗೇರಿದ ದಂಪತಿಗಳು ಲೂಯಿ ಮತ್ತು ಜೆಲಿ ಮಾರ್ಟಿನ್. ಅವರಿಗೆ ಒಂಬತ್ತು ಮಕ್ಕಳಲ್ಲಿ ನಾಲ್ವರು ಚಿಕ್ಕಂದಿನಲ್ಲೇ ಹೋದರು. ಕಡೆಯವಳೇ 1873ರ ಜನವರಿ 2ರಂದು ಹುಟ್ಟಿದ ಬಾಲಯೇಸುವಿನ ಸಂತ ತೆರೇಸಾ. ಆ ನಾಲ್ವರು ಹುಟ್ಟದೇ ಇದ್ದಿದ್ದರೆ ಇಷ್ಟು ನೋವಿರುತ್ತಿರಲಿಲ್ಲ ಎಂದು ಜನ ಸಮಾಧಾನ ಹೇಳಿದಾಗ ಜೆಲಿ ಆ ಮಾತನ್ನು ಸಹಿಸಲಿಲ್ಲ. ತಾನು ಪಟ್ಟ ಕಷ್ಟವನ್ನು ಆ ಮಕ್ಕಳ ನಿತ್ಯಾನಂದದ ಪಕ್ಕದಲ್ಲಿಟ್ಟು ತೂಗಲಾಗದು ಎಂದು ಅವರು ಪತ್ರದಲ್ಲಿ ಬರೆದಿದ್ದಾರೆ. ಯೋಬನ ಮನಸ್ಸೇ ಅದು. ಯೋಬನ ಗ್ರಂಥದ ಕೊನೆಯಲ್ಲಿ ದೇವರು ಅವನಿಗೆ ಎಲ್ಲವನ್ನೂ ಇಮ್ಮಡಿ ಕೊಟ್ಟರು. 7,000 ಕುರಿಗಳಿದ್ದದ್ದು 14,000 ಆದವು, 3,000 ಒಂಟೆಗಳು 6,000 ಆದವು. ಮಕ್ಕಳು ಮಾತ್ರ ಮತ್ತೆ ಏಳು ಗಂಡು, ಮೂರು ಹೆಣ್ಣು, ಅಷ್ಟೇ. ಸತ್ತ ಕುರಿಗಳು ಹೋದವು, ಸತ್ತ ಮಕ್ಕಳು ದೇವರ ಬಳಿ ಇನ್ನೂ ಅವನವೇ, ಆದ್ದರಿಂದ ಲೆಕ್ಕ ಇಪ್ಪತ್ತಾಯಿತು ಎಂದು ಹಿರಿಯರು ಇದನ್ನು ಬಿಡಿಸಿ ಹೇಳಿದ್ದಾರೆ.

ಮಾಲೂರು ತಾಲೂಕಿನಲ್ಲಿ 1891ರ ಜೂನ್ 6ರಂದು ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ತೀರಿಕೊಂಡದ್ದೂ ಜೂನ್ 6ರಂದೇ, 1986ರಲ್ಲಿ, 95 ತುಂಬಿದ ದಿನ. ಎರಡು ಬಾಗಿಲುಗಳೂ ಒಂದೇ ತಾರೀಖಿಗೆ ತೆರೆದುಕೊಂಡ ಇಂಥ ಜೀವ ಅಪರೂಪ. ನಮ್ಮ ಹೆಚ್ಚಿನವರಿಗೆ ಆ ಎರಡನೆಯ ತಾರೀಖು ಗೊತ್ತಿಲ್ಲ, ಪ್ರತಿ ವರ್ಷವೂ ಅದನ್ನು ಹಾದು ಹೋಗುತ್ತೇವೆ.

ಯೋಬನ ಕೊನೆಯ ಅಧ್ಯಾಯದಲ್ಲಿ ಇನ್ನೂ ಒಂದು ಸಂಗತಿ ಉಳಿದಿದೆ. ಹೊಸದಾಗಿ ಹುಟ್ಟಿದ ಏಳು ಗಂಡುಮಕ್ಕಳ ಹೆಸರು ಅಲ್ಲಿಲ್ಲ. ಮೂವರು ಹೆಣ್ಣುಮಕ್ಕಳ ಹೆಸರಿದೆ: ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್. ಅವರಿಗೂ ಅಣ್ಣತಮ್ಮಂದಿರ ಜೊತೆ ತಂದೆ ಆಸ್ತಿಯಲ್ಲಿ ಪಾಲು ಕೊಟ್ಟ. ಆ ಕಾಲದಲ್ಲಿ ಅಪರೂಪದ ಕೆಲಸ. ಎಲ್ಲವನ್ನೂ ಕಳೆದುಕೊಂಡು ಮರಳಿ ಪಡೆದ ತಂದೆ ಕಲಿತದ್ದು ಇದನ್ನು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಆದರೂ ಮಗಳಿಗೆ ಕೊಟ್ಟದ್ದು ಮದುವೆಯ ಖರ್ಚು, ಮಗನಿಗೆ ಕೊಟ್ಟದ್ದು ಹೊಲ ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ನನ್ನ ಬಳಿ ಇರುವುದು ಒಂದೂವರೆ ಎಕರೆ, ನೀರು ಸಾವಿರ ಅಡಿಯ ಕೆಳಗೆ. ಅದರಲ್ಲಿ ಅವಳ ಪಾಲೆಷ್ಟು ಎಂಬುದನ್ನು ಈ ಹುಟ್ಟುಹಬ್ಬಕ್ಕೆ ಮಕ್ಕಳೆಲ್ಲರ ಮುಂದೆ ಹೇಳುತ್ತೇನೆ.

18 ತುಂಬಿತೇ ಎಂದು ಕೇಳಿಕೊಂಡು ಬರುವವರು ಮದುವೆಯವರು ಮಾತ್ರವಲ್ಲ. ನರಸಾಪುರದ ಕಾರ್ಖಾನೆಗಳ ಬಸ್ಸುಗಳಿಗೂ ಅಷ್ಟೇ ವಯಸ್ಸು ಬೇಕು. ಅದೂ ದುಡಿಮೆಯೇ, ಗೌರವದ್ದೇ. ಅವಳೇ ಬಯಸಿದರೆ ತಡೆಯುವುದಿಲ್ಲ. ಆದರೆ ಅವಳು ಕೇಳುತ್ತಿರುವುದು ಓದು.

ಹುಟ್ಟುಹಬ್ಬದ ದಿನ ಬೆಳಗಿನ ಬಲಿಪೂಜೆಗೆ ಅವಳ ಹೆಸರು ಬರೆಸಿದ್ದೇನೆ. ಜ್ಞಾನಸ್ನಾನದ ದಿನದ ಮೇಣದ ಬತ್ತಿ ಅರ್ಧ ಉಳಿದಿದೆ, ಅದನ್ನೇ ಹಚ್ಚಬೇಕೆಂದು ಅವಳ ತಾಯಿ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದಾಳೆ. ಮಾಲೂರಿನವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದಾಗಿದೆ. ಕಾಲೇಜಿನ ಅರ್ಜಿಗೆ ಶನಿವಾರ ಕಡೆಯ ದಿನ, ಜನನ ಪ್ರಮಾಣಪತ್ರದ ಎರಡು ಪ್ರತಿ ಬೇಕಂತೆ.